ಸರ್ಬೋ-ಕ್ರೊಯೇಷಿಯನ್‌ನಿಂದ ರಷ್ಯನ್‌ಗೆ ದುಭಾಷಿ, ಅದೂ ಸಮಾಜ ವಿಜ್ಞಾನಕ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ಸಣ್ಣ ವಿಚಾರ ಸಂಕಿರಣಗಳಿಗೆ ದುಭಾಷಿಗಳನ್ನು ಹುಡುಕಿಕೊಡುವುದು ನನ್ನ ಕೆಲಸ. ಈ ಜೋಡಿ ಅಪರೂಪದ್ದು, ಆದರೆ ಪ್ರಶ್ನೆಗಳು ಮಾತ್ರ ಪ್ರತಿ ಸಲ ಅವೇ. ಪತ್ರದಲ್ಲಿ ಬಂದವು, ಫೋನಿನಲ್ಲಿ ಕೇಳಿದವು, ಊರಿಗೆ ಬಂದಾಗ ನೆಂಟರು ಕಾಫಿ ಕುಡಿಯುತ್ತಾ ಕೇಳಿದವು, ಎಲ್ಲ ಸೇರಿಸಿ ಇಲ್ಲಿಟ್ಟಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಯುಗೊಸ್ಲಾವಿಯಾನೇ ಇಲ್ಲ ಅಂದ ಮೇಲೆ ಸರ್ಬೋ-ಕ್ರೊಯೇಷಿಯನ್ ಅಂತ ಭಾಷೆ ಎಲ್ಲಿದೆ?

ಭಾಷೆ ಇದೆ, ಹೆಸರು ಹೋಗಿದೆ. 1954ರ ನೊವಿ ಸಾದ್ ಒಪ್ಪಂದದಲ್ಲಿ ಸರ್ಬರದ್ದೂ ಕ್ರೊಯೇಟರದ್ದೂ ಒಂದೇ ಭಾಷೆ ಎಂದು ಬರೆದುಕೊಂಡರು. 1967ರಲ್ಲಿ ಕ್ರೊಯೇಷಿಯಾದ ಜಾಗ್ರೆಬಿನ ವಿದ್ವಾಂಸರು, ಲೇಖಕರು, ಅಲ್ಲಿನ ಸಂಸ್ಥೆಗಳು ಸೇರಿ ನಮ್ಮದು ಬೇರೆ ಎಂದು ಘೋಷಣೆ ಹೊರಡಿಸಿದರು. ಇವರೆಲ್ಲ ಸೇರಿದ್ದ ಯುಗೊಸ್ಲಾವಿಯಾ ಒಡೆದ ಮೇಲೆ ಸರ್ಬಿಯನ್, ಕ್ರೊಯೇಷಿಯನ್, ಬೋಸ್ನಿಯನ್, ಕೊನೆಗೆ ಮಾಂಟೆನೆಗ್ರಿನ್ ಎಂದು ನಾಲ್ಕು ಹೆಸರಾದವು. 2017ರಲ್ಲಿ ಇನ್ನೊಂದಷ್ಟು ಜನ ಸರಾಯೆವೊದಲ್ಲಿ ಸೇರಿ ಇಲ್ಲ, ಇದು ಒಂದೇ ಭಾಷೆ, ನಾಲ್ಕು ರೂಪ ಎಂದು ಮತ್ತೊಂದು ಘೋಷಣೆ ಮಾಡಿದರು. ಜಗಳ ಇನ್ನೂ ಮುಗಿದಿಲ್ಲ.

ಹುಡುಕುವವರಿಗೆ ಇದರಿಂದ ಆಗುವ ಉಪಯೋಗ ಒಂದೇ: ನಾಲ್ಕು ಹೆಸರಿನಲ್ಲೂ ಹುಡುಕಿ, ಹಳೇ ಹೆಸರಿನಲ್ಲೂ ಹುಡುಕಿ. ಸೋವಿಯತ್ ಕಾಲದಲ್ಲಿ ಕಲಿತ ರಷ್ಯನ್ ದುಭಾಷಿಗಳ ಪದವಿಪತ್ರದಲ್ಲಿ ಇರುವುದು ಹಳೇ ಹೆಸರೇ. ಹೊಸ ಹೆಸರಿನಲ್ಲಷ್ಟೇ ಹುಡುಕಿದರೆ ಅನುಭವಸ್ಥರೇ ತಪ್ಪಿಹೋಗುತ್ತಾರೆ.

ದುಭಾಷಿ, ಅನುವಾದಕ ಎರಡೂ ಒಂದೇ ಅಲ್ವಾ?

ಅಲ್ಲ. ಅನುವಾದಕರು ಬರೆಯುತ್ತಾರೆ, ದುಭಾಷಿಗಳು ಮಾತಾಡುತ್ತಾರೆ. ಚೆನ್ನಾಗಿ ಬರೆಯುವವರಿಗೆ ಬೂತಿನೊಳಗೆ, ಅಂದರೆ ದುಭಾಷಿಗಳು ಮೈಕ್ ಮುಂದೆ ಕೂರುವ ಪುಟ್ಟ ಕೋಣೆಯೊಳಗೆ, ಕೂತರೆ ಬಾಯಿ ಕಟ್ಟಿಹೋಗಬಹುದು. ಪಟಪಟ ಮಾತಾಡುವವರು ಇಪ್ಪತ್ತು ಪುಟದ ಪ್ರಬಂಧ ಕೈಗೆ ಕೊಟ್ಟರೆ ತಿಂಗಳುಗಟ್ಟಲೆ ತಿರುಗಿ ನೋಡದೇ ಇರಬಹುದು. ನಿಮಗೆ ಬೇಕಾದದ್ದು ಯಾವುದು ಎಂದು ಮೊದಲ ಪತ್ರದಲ್ಲೇ ಹೇಳಿ.

ಎರಡೂ ಸ್ಲಾವಿಕ್ ಭಾಷೆ. ಅರ್ಧ ಹಾಗೇ ಅರ್ಥ ಆಗುತ್ತಲ್ಲ, ದುಭಾಷಿ ಯಾಕೆ?

ಆ ಅರ್ಧವೇ ಅಪಾಯ. ಕನ್ನಡದವರಿಗೆ ಇದನ್ನು ವಿವರಿಸುವುದು ಸುಲಭ. ನಮಗೆ ಉಪನ್ಯಾಸ ಎಂದರೆ ಭಾಷಣ, ಹಿಂದಿಯವರಿಗೆ ಕಾದಂಬರಿ. ನಮಗೆ ಶಿಕ್ಷೆ ಎಂದರೆ ದಂಡನೆ, ಅವರಿಗೆ ವಿದ್ಯಾಭ್ಯಾಸ. ಸರ್ಬಿಯನ್ ಮತ್ತು ರಷ್ಯನ್ ನಡುವೆ ಇಂಥವು ಹೆಜ್ಜೆಗೊಂದು ಸಿಗುತ್ತವೆ. 'ಸ್ಲೊವೊ' ಸರ್ಬಿಯನ್‌ನಲ್ಲಿ ಅಕ್ಷರ, ರಷ್ಯನ್‌ನಲ್ಲಿ ಪದ. 'ರೆಚ್' ಅಲ್ಲಿ ಪದ, ಇಲ್ಲಿ ಭಾಷಣ. 'ಪ್ರಾವ್ದಾ' ಅಲ್ಲಿ ನ್ಯಾಯ, ಇಲ್ಲಿ ಸತ್ಯ. 'ವ್ರೆದನ್' ಎಂದರೆ ಸರ್ಬಿಯನ್‌ನಲ್ಲಿ ಶ್ರಮಜೀವಿ, ರಷ್ಯನ್ನರ ಕಿವಿಗೆ ಅದು ಹಾನಿಕರ ಎಂಬಂತೆ ಕೇಳುತ್ತದೆ. 'ಪೊನೊಸ್' ಅಂತೂ ಎಲ್ಲರಿಗೂ ಗೊತ್ತಿರುವ ಹಳೇ ತಮಾಷೆ: ಸರ್ಬಿಯನ್‌ನಲ್ಲಿ ಹೆಮ್ಮೆ, ರಷ್ಯನ್‌ನಲ್ಲಿ ಭೇದಿ. ರಾಷ್ಟ್ರದ ಹೆಮ್ಮೆಯ ಬಗ್ಗೆ ಮಾತಾಡುವ ಸಮಾಜಶಾಸ್ತ್ರಜ್ಞರ ಮುಂದೆ ರಷ್ಯನ್ ಕೇಳುಗರನ್ನು ದುಭಾಷಿ ಇಲ್ಲದೆ ಕೂರಿಸಿ ನೋಡಿ, ಗೊತ್ತಾಗುತ್ತದೆ.

ನಗು ಬರುವ ತಪ್ಪು ಪರವಾಗಿಲ್ಲ, ತಕ್ಷಣ ಸಿಕ್ಕಿಬೀಳುತ್ತದೆ. ಯಾರೂ ನಗದೇ ಒಳಗೆ ಸೇರಿಕೊಳ್ಳುವ ತಪ್ಪಿದೆಯಲ್ಲ, ಅದು ಕೆಟ್ಟದ್ದು. 'ಜಾವೋದ್' ಎಂದರೆ ಸರ್ಬಿಯನ್‌ನಲ್ಲಿ ಸರ್ಕಾರಿ ಸಂಸ್ಥೆ, ಅವರ ಅಂಕಿಅಂಶ ಇಲಾಖೆಯ ಹೆಸರಿನಲ್ಲೇ ಆ ಪದ ಇದೆ. ರಷ್ಯನ್‌ನಲ್ಲಿ ಜಾವೋದ್ ಎಂದರೆ ಕಾರ್ಖಾನೆ!

ಸಮಾಜ ವಿಜ್ಞಾನಕ್ಕೇ ಬೇರೆ ದುಭಾಷಿ ಯಾಕೆ? ಅದೇನು ವೈದ್ಯಕೀಯವೇ?

ವೈದ್ಯಕೀಯವೇ ಎಷ್ಟೋ ವಾಸಿ. ಮೂತ್ರಪಿಂಡಕ್ಕೆ ಎರಡೂ ಕಡೆ ಒಂದೇ ಅರ್ಥ. ಸಮಾಜ ವಿಜ್ಞಾನದಲ್ಲಿ ಪದ ಒಂದೇ ಇರುತ್ತದೆ, ಅದರ ಹಿಂದಿನ ಇತಿಹಾಸ ಬೇರೆ ಇರುತ್ತದೆ.

1948ರ ಜೂನ್ 28ರಂದು ಸ್ಟಾಲಿನ್ ಕಡೆಯವರು ಯುಗೊಸ್ಲಾವಿಯಾದ ನಾಯಕ ಟಿಟೊ ಅವರ ಪಕ್ಷವನ್ನು ಕಮ್ಯುನಿಸ್ಟ್ ಪಕ್ಷಗಳ ಒಕ್ಕೂಟವಾದ ಕಾಮಿನ್‌ಫಾರ್ಮ್‌ನಿಂದ ಹೊರಹಾಕಿದರು. ಅಲ್ಲಿಂದ ಎರಡು ದೇಶಗಳ ಮಾರ್ಕ್ಸ್‌ವಾದವೂ ಬೇರೆ ಬೇರೆ ದಾರಿ ಹಿಡಿಯಿತು. 1950ರಲ್ಲಿ ಯುಗೊಸ್ಲಾವಿಯಾ ಕಾರ್ಖಾನೆಗಳನ್ನು ಕಾರ್ಮಿಕರ ಸ್ವಯಂ ಆಡಳಿತಕ್ಕೆ ಕೊಡುವ ಕಾನೂನು ತಂದಿತು. ಆ ಸ್ವಯಂ ಆಡಳಿತಕ್ಕೆ ಅವರ ಪದ 'ಸಮೊಉಪ್ರಾವ್ಲ್ಯಾನ್ಯೆ'. ರಷ್ಯನ್‌ನಲ್ಲಿ ಹೆಚ್ಚುಕಡಿಮೆ ಅದೇ ಪದ ಇದೆ, ಆದರೆ ಇವತ್ತಿನ ರಷ್ಯನ್ನರಿಗೆ ಅದು ಕೇಳಿದ ಕೂಡಲೇ ನೆನಪಾಗುವುದು ಊರಿನ ನಗರಸಭೆ, ಕಾರ್ಖಾನೆ ಅಲ್ಲ. ದುಭಾಷಿ 'ಕಾರ್ಮಿಕರ' ಎಂಬ ಒಂದು ಪದ ಸೇರಿಸಿದರೆ ಮುಗಿಯಿತು. ಆದರೆ ಸೇರಿಸಬೇಕು ಎಂದು ಹೊಳೆಯಲು 1950 ಗೊತ್ತಿರಬೇಕು.

ಒಡೆತನದ ಮಾತೂ ಹೀಗೇ. ಯುಗೊಸ್ಲಾವಿಯಾದಲ್ಲಿ ಸಾಮಾಜಿಕ ಒಡೆತನ ಎಂದರೆ ಸರ್ಕಾರದ್ದೂ ಅಲ್ಲ, ಖಾಸಗಿಯೂ ಅಲ್ಲ, ಯಾರ ಹೆಸರಿನಲ್ಲೂ ಇಲ್ಲದ ಒಡೆತನ. ಸೋವಿಯತ್ ರಷ್ಯನ್‌ನಲ್ಲಿ ಅದೇ ಅರ್ಥದಂತೆ ಕಾಣುವ ಪದದೊಳಗೆ ಸರ್ಕಾರದ ಒಡೆತನವೂ ಸೇರಿದೆ. ಮಾತುಗಾರರು ಸರ್ಕಾರಿ ಒಡೆತನ ಬೇಡ ಎಂದು ವಾದಿಸುತ್ತಿದ್ದರೆ ಕೇಳುಗರಿಗೆ ಅದು ಬೇಕು ಎಂದಂತೆ ಕೇಳಿಸಬಹುದು.

'ನಾರೊದ್ನೊಸ್ತ್' ಇನ್ನೂ ತೊಡಕು. 1974ರ ಸಂವಿಧಾನದ ಹೊತ್ತಿಗೆ ಯುಗೊಸ್ಲಾವಿಯಾದಲ್ಲಿ ಸರ್ಬರು, ಕ್ರೊಯೇಟರು, ಸ್ಲೊವೇನರು ಮೊದಲಾದವರು 'ನಾರೊದ್', ಅಂದರೆ ರಾಷ್ಟ್ರ. ಅಲ್ಬೇನಿಯನ್ನರು, ಹಂಗೇರಿಯನ್ನರಂಥವರು, ಅಂದರೆ ಗಡಿಯಾಚೆ ತಮ್ಮದೇ ದೇಶ ಇದ್ದವರು 'ನಾರೊದ್ನೊಸ್ತ್'. ಸೋವಿಯತ್ ಜನಾಂಗಶಾಸ್ತ್ರದಲ್ಲಿ ಇದೇ ಪದಕ್ಕೆ ಬುಡಕಟ್ಟಿಗಿಂತ ಮೇಲೆ, ರಾಷ್ಟ್ರಕ್ಕಿಂತ ಕೆಳಗೆ ಇರುವ ಜನ ಎಂಬ ಅರ್ಥ. ಹಾಗೇ ಉಚ್ಚರಿಸಿ ದಾಟಿಸಿಬಿಟ್ಟರೆ ಕೊಸೊವೊದ ಅಲ್ಬೇನಿಯನ್ನರನ್ನು ಇನ್ನೂ ರಾಷ್ಟ್ರವಾಗದ ಜನ ಎಂದು ಕರೆದಂತಾಗುತ್ತದೆ.

ನನ್ನ ಕಣ್ಣೆದುರೇ ನಡೆದದ್ದು ಒಂದಿದೆ. 'ಗ್ರಾಜಾನ್ಸ್ಕೊ ದ್ರುಶ್ತ್ವೊ' ಎಂಬ ಮಾತಿಗೆ ಸರ್ಬಿಯನ್‌ನ ಮಾರ್ಕ್ಸ್‌ವಾದಿ ಬರವಣಿಗೆಯಲ್ಲಿ ಬೂರ್ಜ್ವಾ, ಅಂದರೆ ಬಂಡವಾಳಗಾರ ವರ್ಗದ, ಸಮಾಜ ಎಂಬ ಅರ್ಥವಿದೆ. ಸ್ವಯಂಸೇವಾ ಸಂಸ್ಥೆಗಳ ನಾಗರಿಕ ಸಮಾಜಕ್ಕೆ ಅವರು ಸಾಮಾನ್ಯವಾಗಿ 'ತ್ಸಿವಿಲ್ನೊ ದ್ರುಶ್ತ್ವೊ' ಎನ್ನುತ್ತಾರೆ. ನಮ್ಮ ದುಭಾಷಿ ವ್ಯಾಪಾರದ ಸಭೆಗಳಲ್ಲಿ ಪಳಗಿದವರು, ಒಳ್ಳೆಯವರು, ಮೊದಲನೆಯದನ್ನೂ ರಷ್ಯನ್‌ನಲ್ಲಿ ನಾಗರಿಕ ಸಮಾಜ ಎಂದೇ ಹೇಳಿಕೊಂಡು ಹೋದರು. ಮಾರ್ಕ್ಸ್ ಬಗ್ಗೆ ಮಾತಾಡಿದವರಿಗೆ ಬಂದ ಪ್ರಶ್ನೆಗಳೆಲ್ಲ ಸ್ವಯಂಸೇವಾ ಸಂಸ್ಥೆಗಳಿಗೆ ಬರುವ ವಿದೇಶಿ ದೇಣಿಗೆಯ ಬಗ್ಗೆ. ಮುಕ್ಕಾಲು ಗಂಟೆ ಚರ್ಚೆ ನಡೆಯಿತು. ಇಬ್ಬರೂ ಬೇರೆ ಬೇರೆ ವಿಷಯ ಮಾತಾಡುತ್ತಿದ್ದಾರೆ ಎಂದು ಗೊತ್ತಾಗಿದ್ದು ಊಟದ ಮೇಜಿನಲ್ಲಿ. ತಪ್ಪು ಅವರದ್ದಲ್ಲ, ಅವರನ್ನು ಕರೆಸಿದ ನನ್ನದು.

## ಹುಡುಕುವುದು

ಸರಿ, ಇಂಥವರು ಎಲ್ಲಿ ಸಿಗುತ್ತಾರೆ?

ದುಭಾಷಿಗಳ ಪಟ್ಟಿಯಲ್ಲಿ ಮೊದಲು ಹುಡುಕಬೇಡಿ. ವಿಷಯ ಓದಿದವರು ಇರುವ ಕಡೆ ಹುಡುಕಿ. ಮಾಸ್ಕೋದ ವಿಜ್ಞಾನ ಅಕಾಡೆಮಿಯಲ್ಲಿ ಸ್ಲಾವಿಕ್ ಅಧ್ಯಯನ ಸಂಸ್ಥೆ ಇದೆ, ಅಲ್ಲಿ ಯುಗೊಸ್ಲಾವ್ ಇತಿಹಾಸವನ್ನೇ ಓದಿಕೊಂಡು ಬಂದವರಿದ್ದಾರೆ. ಅದೇ ಅಕಾಡೆಮಿಯ ಇನಿಯೋನ್, ಅಂದರೆ ಸಮಾಜ ವಿಜ್ಞಾನಗಳ ಮಾಹಿತಿ ಸಂಸ್ಥೆ, ವಿದೇಶಿ ಪುಸ್ತಕ ಲೇಖನಗಳ ಸಾರಾಂಶವನ್ನು ರಷ್ಯನ್‌ನಲ್ಲಿ ಪ್ರಕಟಿಸುವ ಜಾಗ. (2015ರ ಜನವರಿಯಲ್ಲಿ ಅದರ ಗ್ರಂಥಾಲಯಕ್ಕೆ ಬೆಂಕಿ ಬಿದ್ದು ಲಕ್ಷಗಟ್ಟಲೆ ಪುಸ್ತಕ ಹಾಳಾದವು, ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.) ಸರ್ಬಿಯನ್ ಪುಸ್ತಕಗಳ ಸಾರಾಂಶಕ್ಕೆ ಹೆಸರು ಹಾಕಿದವರು ಯಾರು ಎಂದು ನೋಡಿ. ಆ ಹೆಸರುಗಳೇ ನಿಮ್ಮ ಮೊದಲ ಪಟ್ಟಿ.

ಮಾಸ್ಕೋ ಮತ್ತು ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯಗಳ ಸ್ಲಾವಿಕ್ ವಿಭಾಗಗಳು, ರಾಜತಾಂತ್ರಿಕರನ್ನು ತಯಾರು ಮಾಡುವ ಎಂಗಿಮೊ, ಆಚೆ ಕಡೆ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡಿನ ಭಾಷಾಶಾಸ್ತ್ರ ವಿಭಾಗ, ಜಾಗ್ರೆಬಿನ ಫಿಲೊಸೊಫ್ಸ್ಕಿ ಫಕುಲ್ತೆತ್ (ಮಾನವಿಕ ಮತ್ತು ಸಮಾಜ ವಿಜ್ಞಾನಗಳ ವಿಭಾಗ), ಇಲ್ಲೆಲ್ಲ ಕೇಳಬಹುದು. ವಿಭಾಗದ ಮುಖ್ಯಸ್ಥರಿಗೆ ಬರೆಯುವುದಕ್ಕಿಂತ ಪಾಠ ಮಾಡುವ ಒಬ್ಬರಿಗೆ ನೇರವಾಗಿ ಬರೆಯಿರಿ, ಉತ್ತರ ಬೇಗ ಬರುತ್ತದೆ. ಸಂಘಗಳ ಸರದಿ ಇದಾದ ಮೇಲೆ: ರಷ್ಯಾದ ಅನುವಾದಕರ ಒಕ್ಕೂಟ, ಸರ್ಬಿಯಾದ ವೈಜ್ಞಾನಿಕ ಮತ್ತು ತಾಂತ್ರಿಕ ಅನುವಾದಕರ ಸಂಘ, ಸಮ್ಮೇಳನ ದುಭಾಷಿಗಳ ಅಂತರರಾಷ್ಟ್ರೀಯ ಸಂಘ ಎಐಐಸಿ. ಎಐಐಸಿಯವರು ಬೂತಿನ ಕೆಲಸದಲ್ಲಿ ಎತ್ತಿದ ಕೈ, ಆದರೆ ನಿಮ್ಮ ವಿಷಯ ಓದಿದ್ದಾರೆ ಎಂದು ಅಷ್ಟರಿಂದಲೇ ಹೇಳಲಾಗದು.

ಬೆಲ್‌ಗ್ರೇಡಿನಲ್ಲಿ ಈಗ ರಷ್ಯನ್ನರೇ ತುಂಬಿದ್ದಾರಂತೆ. ಅವರಲ್ಲಿ ಒಬ್ಬರನ್ನು ಕರೆದರೆ ಆಗಲ್ವಾ?

ಉಕ್ರೇನ್ ಮೇಲೆ ರಷ್ಯಾದ ಯುದ್ಧ ದೊಡ್ಡದಾಗಿ ಶುರುವಾದ 2022ರ ಫೆಬ್ರವರಿಯ ನಂತರ ಬೆಲ್‌ಗ್ರೇಡಿಗೂ ನೊವಿ ಸಾದ್‌ಗೂ ಬಹಳ ರಷ್ಯನ್ನರು ಬಂದರು, ನಿಜ. ತುಂಬಾ ಜನ ಸರ್ಬಿಯನ್ ಕಲಿತೂ ಇದ್ದಾರೆ. ಆದರೆ ಬಾಡಿಗೆ ಮನೆಯ, ತರಕಾರಿ ಅಂಗಡಿಯ ಸರ್ಬಿಯನ್ ಬೇರೆ. ಅದು ರಷ್ಯನ್ನರಿಗೆ ಬೇಗ ಬಂದುಬಿಡುವುದರಿಂದ ಪೂರ್ತಿ ಬಂತು ಎನ್ನಿಸಿಬಿಡುತ್ತದೆ. ಅವರಲ್ಲಿ ಸಮಾಜಶಾಸ್ತ್ರವನ್ನೋ ಇತಿಹಾಸವನ್ನೋ ಓದಿ ಬಂದವರು ಸಿಕ್ಕರೆ ಖಂಡಿತ ಬಿಡಬೇಡಿ. ಮೊದಲ ಸಲ ಬೂತಿಗೆ ಕಳಿಸದೆ, ಪಕ್ಕದಲ್ಲಿ ಕೂತು ಮೆಲುದನಿಯಲ್ಲಿ ಹೇಳುವ ಕೆಲಸ ಕೊಟ್ಟು ನೋಡಿ.

ಕ್ರೊಯೇಷಿಯಾದವರು ಬರುವ ಸಭೆಗೆ ಸರ್ಬಿಯಾದ ದುಭಾಷಿ ನಡೆಯುತ್ತಾ?

ಕಿವಿಗೆ ನಡೆಯುತ್ತದೆ, ಮನಸ್ಸಿಗೆ ಒಮ್ಮೊಮ್ಮೆ ನಡೆಯುವುದಿಲ್ಲ. ಕ್ರೊಯೇಷಿಯನ್‌ನಿಂದ ರಷ್ಯನ್‌ಗೆ ಮಾತ್ರ ದಾಟಿಸುವುದಾದರೆ ತೊಂದರೆ ಕಡಿಮೆ. ವಿಜ್ಞಾನಕ್ಕೆ ಸರ್ಬಿಯನ್ನರು 'ನಾಉಕಾ' ಎಂದರೆ ಕ್ರೊಯೇಷಿಯನ್ನರು 'ಜ್ನಾನೊಸ್ತ್' ಎನ್ನುತ್ತಾರೆ, ಸಾವಿರಕ್ಕೆ 'ಹಿಲ್ಯಾದಾ' ಮತ್ತು 'ತಿಸುಚಾ', ಇಷ್ಟು ಯಾರಿಗಾದರೂ ಗೊತ್ತಿರುತ್ತದೆ. ರಷ್ಯನ್‌ನಿಂದ ವಾಪಸು ಕ್ರೊಯೇಷಿಯನ್‌ಗೆ ಹೇಳಬೇಕಾದಾಗ ಮಾತ್ರ ಕ್ರೊಯೇಷಿಯನ್ನರನ್ನೇ ಕರೆಸಿ.

ಇತಿಹಾಸದ ಸಭೆಯಾದರೆ ತಿಂಗಳ ಹೆಸರಿನ ಮೇಲೆ ಕಣ್ಣಿಡಿ. ಸರ್ಬಿಯನ್‌ನಲ್ಲಿ ಒಕ್ತೋಬರ್ ಇದ್ದರೆ ಕ್ರೊಯೇಷಿಯನ್‌ನಲ್ಲಿ 'ಲಿಸ್ತೊಪಾದ್'. ಉಕ್ರೇನಿಯನ್ ಭಾಷೆಯಲ್ಲಿ ಇದೇ ಹೆಸರು ನವೆಂಬರಿಗೆ. ಉಕ್ರೇನಿಯನ್ ಮನೆಮಾತಿನ ದುಭಾಷಿ ಆಯಾಸದಲ್ಲಿ ಒಂದು ತಿಂಗಳು ಮುಂದೆ ಹೋಗಿಬಿಡುವುದು ಸಾಧ್ಯ. ದಿನಾಂಕವನ್ನು ಅಂಕಿಯಲ್ಲಿ ಬರೆದು ಮುಂಚೆಯೇ ಕೊಟ್ಟರೆ ಆಯಿತು.

ಕೋರ್ಟಿನ ಮುದ್ರೆ ಇರುವ ದುಭಾಷಿ ಸಿಕ್ಕಿದ್ದಾರೆ. ಸಾಕಲ್ವಾ?

ಮುದ್ರೆ ಕಾಗದಪತ್ರಕ್ಕೆ. ಸರ್ಬಿಯಾ, ಕ್ರೊಯೇಷಿಯಾಗಳಲ್ಲಿ ನ್ಯಾಯಾಲಯದ ದುಭಾಷಿ ಎಂಬ ಅಧಿಕೃತ ನೇಮಕಾತಿ ಇದೆ. ರಷ್ಯಾದಲ್ಲಿ ಅಂಥ ವ್ಯವಸ್ಥೆಯೇ ಇಲ್ಲ, ಅಲ್ಲಿ ನೋಟರಿ ಅನುವಾದಕರ ಸಹಿಯನ್ನು ದೃಢೀಕರಿಸುತ್ತಾರೆ ಅಷ್ಟೆ. ಜನನ ಪ್ರಮಾಣಪತ್ರವನ್ನು ಹತ್ತು ವರ್ಷ ತರ್ಜುಮೆ ಮಾಡಿದವರಿಗೆ ಮುದ್ರೆ ಇರುತ್ತದೆ, ಕಾರ್ಲ್ ಮಾರ್ಕ್ಸ್ ಗೊತ್ತಿರಬೇಕೆಂದೇನೂ ಇಲ್ಲ.

ನನಗೆ ಎರಡು ಭಾಷೆಯೂ ಬರಲ್ಲ. ಅವರು ಒಳ್ಳೆಯವರೋ ಅಲ್ಲವೋ ಹೇಗೆ ಗೊತ್ತಾಗಬೇಕು?

ಭಾಷೆ ಪರೀಕ್ಷಿಸಬೇಡಿ, ಪ್ರಶ್ನೆ ಪರೀಕ್ಷಿಸಿ. ಸಭೆಯಲ್ಲಿ ಓದಲಿರುವ ಒಂದು ಪ್ರಬಂಧದ ಎರಡು ಪುಟ ಕಳಿಸಿ, ಇದರಲ್ಲಿ ನಿಮಗೆ ಕಷ್ಟ ಎನ್ನಿಸುವ ಐದು ಪದ ಹೇಳಿ ಎನ್ನಿ. ಅಪರೂಪದ ಪದಗಳನ್ನು ಎತ್ತಿ ತೋರಿಸಿದರೆ ನಿಘಂಟು ನೋಡಿದ್ದಾರೆ ಎಂದರ್ಥ. ಸಮಾಜ, ರಾಜ್ಯ, ಜನ, ಸಮೀಕ್ಷೆ ಮೊದಲಾದ ಸಾದಾ ಪದ ತೋರಿಸಿ ಇದು ಆ ಕಡೆ ಬೇರೆ ಅಂದರೆ, ಅವರನ್ನು ಹಿಡಿದುಕೊಳ್ಳಿ. ಉದಾಹರಣೆಗೆ 'ಅಂಕೇತಾ': ಸರ್ಬಿಯನ್‌ನಲ್ಲಿ ಇಡೀ ಸಮೀಕ್ಷೆಯನ್ನೇ ಹಾಗೆ ಕರೆಯುತ್ತಾರೆ, ರಷ್ಯನ್‌ನಲ್ಲಿ ಅದು ಮುಖ್ಯವಾಗಿ ತುಂಬಿಸುವ ಫಾರಂ. 'ದ್ರ್ಜಾವಾ' ಅಲ್ಲಿ ಯಾವುದೇ ರಾಜ್ಯ, ರಷ್ಯನ್‌ನ 'ದೆರ್ಜಾವಾ' ಮಹಾಶಕ್ತಿ. ಇದನ್ನು ಕೇಳದೇ ಹೇಳಿದವರಿಗೆ ನಾನು ಕಣ್ಣುಮುಚ್ಚಿ ಕೆಲಸ ಕೊಟ್ಟಿದ್ದೇನೆ, ಇವತ್ತಿನವರೆಗೂ ಪಶ್ಚಾತ್ತಾಪ ಪಟ್ಟಿಲ್ಲ.

## ಕೆಲಸ ಶುರುವಾದ ಮೇಲೆ

ಒಬ್ಬರೇ ಸಾಕು ಅನ್ಸುತ್ತೆ, ಇಬ್ಬರಿಗೆ ಯಾಕೆ ದುಡ್ಡು?

ಮಾತಿನ ಜೊತೆಜೊತೆಗೇ ದಾಟಿಸುವ ಕೆಲಸದಲ್ಲಿ ಇಪ್ಪತ್ತು, ಮೂವತ್ತು ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಅದು ಸೋಮಾರಿತನ ಅಲ್ಲ, ತಲೆ ಅಷ್ಟೇ ಹೊತ್ತು ಓಡುವುದು. ಬದಲಾದವರೂ ಸುಮ್ನೆ ಕೂರುವುದಿಲ್ಲ, ಅಂಕಿ, ಹೆಸರು ಬರೆದು ಪಕ್ಕದವರಿಗೆ ತೋರಿಸುತ್ತಾರೆ. ದುಡ್ಡಿಲ್ಲ ಎಂದರೆ ಮಾತುಗಾರರು ಸ್ವಲ್ಪ ಹೇಳಿ ನಿಲ್ಲಿಸಿದ ಮೇಲೆ ದುಭಾಷಿ ಅಷ್ಟನ್ನು ಹೇಳುವ ಪದ್ಧತಿಗೆ ಬನ್ನಿ. ಸಭೆಯ ಸಮಯ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಿ.

ರಷ್ಯನ್ ಮನೆಮಾತಿನವರು ಬೇಕಾ, ಸರ್ಬಿಯನ್ ಮನೆಮಾತಿನವರು ಬೇಕಾ?

ರಷ್ಯನ್‌ಗೆ ದಾಟಿಸುವುದಾದರೆ ರಷ್ಯನ್ ಮನೆಮಾತಿನವರು. ತಾಯ್ನುಡಿಗೆ ದಾಟಿಸುವುದು ಸುಲಭ, ಕೇಳುವುದಕ್ಕೂ ಹಿತ. ಚರ್ಚೆ ಎರಡೂ ಕಡೆ ಹರಿಯುವುದಾದರೆ ಎರಡೂ ಮನೆಮಾತಿನವರಲ್ಲಿ ಒಬ್ಬೊಬ್ಬರನ್ನು ಜೋಡಿಸಿ. ನನ್ನ ಅನುಭವದಲ್ಲಿ ಅತ್ಯುತ್ತಮ ಜೋಡಿ ಅದೇ. ಇಬ್ಬರೂ ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯುತ್ತಾರೆ.

ಮುಂಚೆ ಅವರಿಗೆ ಏನೇನು ಕೊಡಬೇಕು?

ಪ್ರಬಂಧ, ಸ್ಲೈಡುಗಳು, ಯಾರ ಯಾರ ಪುಸ್ತಕದಿಂದ ಉಲ್ಲೇಖ ಬರುತ್ತದೆ ಎಂಬುದು. ಕನಿಷ್ಠ ಒಂದು ವಾರ ಮೊದಲು. ಪ್ರಾಧ್ಯಾಪಕರು ಕೊನೇ ರಾತ್ರಿ ಬರೆಯುವವರು ಎಂದು ನನಗೂ ಗೊತ್ತು, ಆಗ ಅವರ ಹಳೇ ಲೇಖನವನ್ನಾದರೂ ಕಳಿಸಿ. ಜನ ಹೊಸದನ್ನೇನೂ ಅಷ್ಟಾಗಿ ಹೇಳುವುದಿಲ್ಲ.

ಹೆಸರುಗಳ ಪಟ್ಟಿ ಲ್ಯಾಟಿನ್ ಲಿಪಿಯಲ್ಲಿ ಬೇಕೇ ಬೇಕು. ಕ್ರೊಯೇಷಿಯನ್‌ನಲ್ಲಿ 'ಚ'ಕಾರ ಎರಡು ಥರ ಇದೆ, ನಮ್ಮ ಲಿಪಿಯಲ್ಲಿ ಹೇಗೆ ಎರಡೂ ಒಂದೇ ಆಗುತ್ತವೋ ರಷ್ಯನ್‌ನಲ್ಲೂ ಹಾಗೇ ಒಂದೇ ಆಗುತ್ತವೆ. ಒಮ್ಮೆ ರಷ್ಯನ್ ಲಿಪಿಗೆ ಹೋದ ಹೆಸರನ್ನು ವಾಪಸು ತರಲು ಹೋದರೆ ತಪ್ಪು ಗ್ಯಾರಂಟಿ. ಸರ್ಬಿಯನ್ ಸಿರಿಲಿಕ್, ಅಂದರೆ ರಷ್ಯನ್ ಲಿಪಿಯ ಥರದ್ದೇ ಸರ್ಬಿಯನ್ ಲಿಪಿ, ಕೊಟ್ಟರೂ ಆಗುತ್ತದೆ, ಅದರಲ್ಲಿ ರಷ್ಯನ್‌ನಲ್ಲಿಲ್ಲದ ಆರು ಅಕ್ಷರಗಳಿವೆ, ಈ ವ್ಯತ್ಯಾಸವೂ ಅವುಗಳಲ್ಲಿ ಉಳಿಯುತ್ತದೆ.

ನೇರ ದುಭಾಷಿ ಸಿಗದಿದ್ದರೆ ಇಂಗ್ಲಿಷ್ ಮೂಲಕ ಹೋಗೋದು ತಪ್ಪಾ?

ತಪ್ಪಲ್ಲ. ಸರ್ಬಿಯನ್‌ನಿಂದ ಇಂಗ್ಲಿಷ್, ಅಲ್ಲಿಂದ ರಷ್ಯನ್, ಇದು ದೊಡ್ಡ ಸಂಸ್ಥೆಗಳಲ್ಲಿ ದಿನಾ ನಡೆಯುತ್ತದೆ. ಎರಡು ಸಲ ಸೋಸಿದ ಕಾಫಿ ಥರ, ನೀರಾಗುತ್ತದೆ. ಮೇಲೆ ಹೇಳಿದ ನಾರೊದ್, ನಾರೊದ್ನೊಸ್ತ್ ಎರಡೂ ಇಂಗ್ಲಿಷಿನಲ್ಲಿ ಬೆರೆತುಹೋಗುವ ಸಾಧ್ಯತೆ ಜಾಸ್ತಿ. ಆದರೂ ವಿಷಯ ಗೊತ್ತಿಲ್ಲದ ನೇರ ದುಭಾಷಿಗಿಂತ ವಿಷಯ ಗೊತ್ತಿರುವ ಇಬ್ಬರು ಇಂಗ್ಲಿಷ್ ಮೂಲಕ ಬಂದರೆ ನಾನು ಅವರನ್ನೇ ಆರಿಸುತ್ತೇನೆ.

ಮೊಬೈಲ್ ಆ್ಯಪ್ ಇರುವಾಗ ಇದೆಲ್ಲ ಯಾಕೆ?

ಪ್ರಬಂಧದಲ್ಲಿ ಏನಿದೆ ಎಂದು ಮೇಲೆಮೇಲೆ ತಿಳಿಯಲು ಬಳಸಿ, ನಾನೂ ಬಳಸುತ್ತೇನೆ. ಆದರೆ ಗ್ರಾಜಾನ್ಸ್ಕೊ ಎಂಬುದು ಬೂರ್ಜ್ವಾವೋ ನಾಗರಿಕವೋ ಎಂದು ಯಾರನ್ನಾದರೂ ಕೇಳಬೇಕಲ್ಲ. ಅದು ಕೇಳುವುದಿಲ್ಲ, ಯಾವುದೋ ಒಂದನ್ನು ಹಾಕಿ ಮುಂದೆ ಹೋಗುತ್ತದೆ.

ರಷ್ಯಾದಲ್ಲಿರುವ ದುಭಾಷಿಗೆ ದುಡ್ಡು ಕಳಿಸೋದು ಹೇಗೆ?

ಇದು 2022ರಿಂದ ನಿಜವಾದ ತಲೆನೋವು. ಹಲವು ರಷ್ಯನ್ ಬ್ಯಾಂಕುಗಳು ಬ್ಯಾಂಕುಗಳ ಅಂತರರಾಷ್ಟ್ರೀಯ ಸಂದೇಶ ಜಾಲವಾದ ಸ್ವಿಫ್ಟ್‌ನಿಂದ ಹೊರಗಿವೆ, ವೀಸಾ, ಮಾಸ್ಟರ್‌ಕಾರ್ಡ್ ಅಲ್ಲಿ ವ್ಯವಹಾರ ನಿಲ್ಲಿಸಿವೆ. ಕ್ರೊಯೇಷಿಯಾ ಐರೋಪ್ಯ ಒಕ್ಕೂಟದಲ್ಲಿದೆ, ರಷ್ಯಾ ಮೇಲಿನ ಒಕ್ಕೂಟದ ನಿರ್ಬಂಧಗಳು ಅದಕ್ಕೂ ಅನ್ವಯ. ಹಾಗಾಗಿ ಖಾತೆ ಯಾವ ದೇಶದ ಯಾವ ಬ್ಯಾಂಕಿನಲ್ಲಿದೆ ಎಂದು ದರ ಮಾತಾಡುವ ಮೊದಲೇ ಕೇಳಿ, ಮತ್ತು ನಿಮ್ಮ ಬ್ಯಾಂಕಿನವರನ್ನೂ ಕೇಳಿ. ಸಂಕೋಚ ಬೇಡ, ದುಭಾಷಿಗಳೂ ಇದೇ ಪ್ರಶ್ನೆಗೆ ಕಾಯುತ್ತಿರುತ್ತಾರೆ.

## ಇನ್ನೂ ಒಳಗೆ ಹೋದವರಿಗೆ

ಕಾರ್ಯಕ್ರಮ ಪಟ್ಟಿಯಲ್ಲಿ ಭಾಷೆಯ ಹೆಸರು ಏನಂತ ಹಾಕಬೇಕು?

ಬರುವವರು ತಮ್ಮ ಭಾಷೆಗೆ ಏನು ಹೇಳುತ್ತಾರೋ ಅದು. ಎಲ್ಲ ಕಡೆಯವರೂ ಬಂದರೆ ಹೇಗ್‌ನ ಯುಗೊಸ್ಲಾವ್ ಯುದ್ಧಾಪರಾಧ ನ್ಯಾಯಮಂಡಳಿ ಮಾಡಿದ ಉಪಾಯ ಇದೆ: ಬೋಸ್ನಿಯನ್, ಕ್ರೊಯೇಷಿಯನ್, ಸರ್ಬಿಯನ್ ಮೂರರ ಮೊದಲಕ್ಷರ ಸೇರಿಸಿ ಬಿ-ಸಿ-ಎಸ್. ಚೆಂದ ಇಲ್ಲ, ಆದರೆ ಜಗಳ ಆಗುವುದಿಲ್ಲ. ಹೆಡ್‌ಫೋನಿನ ಚಾನೆಲ್‌ಗೆ ಬರೀ ನಂಬರ್ ಹಾಕಿದರೆ ಇನ್ನೂ ಆರಾಮ.

ಯುದ್ಧದ ಹೆಸರು, ಕೊಸೊವೊದ ಹೆಸರು ಬಂದಾಗ ದುಭಾಷಿ ಯಾರ ಪದ ಬಳಸಬೇಕು?

ಮಾತಾಡುವವರ ಪದವನ್ನೇ. 1991ರಿಂದ 95ರವರೆಗಿನದು ಕ್ರೊಯೇಷಿಯಾದಲ್ಲಿ 'ತಾಯ್ನಾಡಿನ ಯುದ್ಧ', ಅನೇಕ ಸರ್ಬಿಯನ್ನರ ಬಾಯಲ್ಲಿ 'ಅಂತರ್ಯುದ್ಧ'. ಒಬ್ಬರು ಸರ್ಬಿಯಾದ ಅಧಿಕೃತ ಹೆಸರಾದ 'ಕೊಸೊವೊ ಮತ್ತು ಮೆತೋಹಿಯಾ' ಅಂದರೆ ಪೂರ್ತಿ ಹಾಗೇ ದಾಟಬೇಕು, ಉದ್ದ ಎಂದು ಕತ್ತರಿಸಿದರೆ ರಾಜಕೀಯ ಕತ್ತರಿಸಿದ ಹಾಗೆ. ರಷ್ಯನ್ ಕಡೆಯೂ ಇಂಥದ್ದಿದೆ: ಉಕ್ರೇನ್‌ನಲ್ಲಿ ಎನ್ನಲು 'ನಾ' ಬಳಸುತ್ತಾರೋ 'ವ್' ಬಳಸುತ್ತಾರೋ ಎಂಬುದರಿಂದಲೇ ಜನ ಪಕ್ಷ ಊಹಿಸುತ್ತಾರೆ. ಸರ್ಬಿಯನ್‌ನಲ್ಲಿ ಈ ಗೊಂದಲ ಇಲ್ಲ, ಅಂದರೆ ದುಭಾಷಿ ತಾನೇ ಆರಿಸಬೇಕಾಗುತ್ತದೆ. ಸಭೆಗೆ ಮೊದಲೇ ಮಾತಾಡಿಕೊಳ್ಳಿ.

ನಾನು ಅಲಿಪ್ತ ಚಳವಳಿಯ ಮೇಲೆ ಪಿಎಚ್‌ಡಿ ಮಾಡ್ತಿದ್ದೀನಿ. ನನಗೂ ಇಂಥ ದುಭಾಷಿ ಬೇಕಾಗುತ್ತಾ?

ಕರ್ನಾಟಕದಿಂದ ಬರುವ ಪತ್ರಗಳಲ್ಲಿ ಇದೇ ಜಾಸ್ತಿ. ಮೊದಲ ಅಲಿಪ್ತ ಶೃಂಗಸಭೆ 1961ರ ಸೆಪ್ಟೆಂಬರಿನಲ್ಲಿ ಬೆಲ್‌ಗ್ರೇಡಿನಲ್ಲೇ ನಡೆದದ್ದು, ನೆಹರೂ ಹೋಗಿದ್ದರು. ಟಿಟೊ ಕಚೇರಿಯ ಕಾಗದಗಳು ಆ ಊರಿನ ಯುಗೊಸ್ಲಾವಿಯಾ ದಾಖಲೆ ಭಂಡಾರದಲ್ಲಿವೆ. ಆದರೆ ನಿಮಗೆ ಈ ಜೋಡಿ ಬೇಕಾಗಿಲ್ಲ. ಬೆಲ್‌ಗ್ರೇಡಿನ ಕಾಗದಕ್ಕೆ ಸರ್ಬಿಯನ್‌ನಿಂದ ಇಂಗ್ಲಿಷಿಗೆ ಒಬ್ಬರು, ಮಾಸ್ಕೋದ ಕಾಗದಕ್ಕೆ ರಷ್ಯನ್‌ನಿಂದ ಇಂಗ್ಲಿಷಿಗೆ ಇನ್ನೊಬ್ಬರು, ಅದೂ ಅನುವಾದಕರು, ದುಭಾಷಿಗಳಲ್ಲ. ಒಂದು ಎಚ್ಚರ ಮಾತ್ರ ಇಬ್ಬರಿಗೂ ಹೇಳಿ: ಯುಗೊಸ್ಲಾವ್ ಕಾಗದದಲ್ಲಿ 'ಇನ್ಫೊರ್ಮ್‌ಬಿರೊ' ಎಂದಿದ್ದರೆ ಅದು 1948ರ ಕಾಮಿನ್‌ಫಾರ್ಮ್. ರಷ್ಯನ್ನರಿಗೆ ಅದೇ ಸದ್ದು ಎರಡನೇ ಮಹಾಯುದ್ಧದ ರೇಡಿಯೊ ಸುದ್ದಿಯ ಸೊವಿನ್‌ಫೊರ್ಮ್‌ಬ್ಯುರೊವನ್ನು ನೆನಪಿಸುತ್ತದೆ.

ಸಭೆ ನಡೆಯುತ್ತಿರುವಾಗಲೇ ದುಭಾಷಿ ತಪ್ಪು ಹೇಳಿದ್ದು ಗೊತ್ತಾದರೆ?

ಎಲ್ಲರ ಮುಂದೆ ತಿದ್ದಬೇಡಿ, ಬಾಯಿ ಒಣಗಿಹೋಗಿ ಮುಂದಿನ ಹತ್ತು ವಾಕ್ಯವೂ ಹಾಳಾಗುತ್ತದೆ. ಒಂದು ಚೀಟಿಯಲ್ಲಿ ಸರಿಯಾದ ಪದ ಬರೆದು ಬೂತಿನೊಳಗೆ ಕೊಡಿ, ಒಳ್ಳೆಯ ದುಭಾಷಿ ಮುಂದಿನ ವಾಕ್ಯದಲ್ಲೇ ತಾವಾಗಿ ಸರಿಪಡಿಸುತ್ತಾರೆ. ಬೂತು ಇಲ್ಲದೆ ಆನ್‌ಲೈನ್ ಆದರೆ ಬೇರೆ ಚಾಟ್ ಇಟ್ಟುಕೊಳ್ಳಿ, ಸಭೆಯ ಚಾಟ್‌ನಲ್ಲಿ ಮಾತ್ರ ಹಾಕಬೇಡಿ. ಒಂದು ಸಲ ನಾನು ಹಾಗೆ ಹಾಕಿ, ಆ ಪದವೇ ಸರಿಯೋ ತಪ್ಪೋ ಎಂದು ಇಬ್ಬರು ಪ್ರಾಧ್ಯಾಪಕರು ಅರ್ಧ ಗಂಟೆ ವಾದಿಸಿದರು. ಅದನ್ನೂ ಪಾಪ ಅದೇ ದುಭಾಷಿಯೇ ದಾಟಿಸಬೇಕಾಯಿತು.